ಪರದೇಶದ ಮೊದಲ ಮಳೆಗಾಲ

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಸುತ್ತಿ ನೋಡಿ ಹಿಂದಿರುಗುವವನಿಗೆ ಆ ಮಾತು ಸಾಕು. ಆದರೆ ಹೋದ ದೇಶದಲ್ಲಿಯೇ ಒಲೆ ಹೂಡಿ, ಅಲ್ಲಿಯ ನೀರು ಕುಡಿದು, ಅಲ್ಲಿಯ ಜ್ವರವನ್ನೂ ಅನುಭವಿಸಿ ಬಾಳಬೇಕಾದವನಿಗೆ ಯಾವ ಗಾದೆ ನೆರವಾದೀತು? ಪ್ರವಾಸಿಗೆ ಪರದೇಶವು ಒಂದು ಚಿತ್ರ. ನೆಲಸಲು ಬಂದವನಿಗೆ ಅದು ಒಂದು ಪರೀಕ್ಷೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಬೆಟ್ಟಗಳಲ್ಲಿ ಆ ಪರೀಕ್ಷೆ ಮೊದಲಾಗುವುದು ಜೂನ್ ತಿಂಗಳ ಮಳೆಯೊಂದಿಗೆ.

ಈ ಬೆಟ್ಟಗಳಿಗೆ ಕಾಫಿಯೂ ಹೊರಗಿನಿಂದ ಬಂದದ್ದೇ. ಬಾಬಾ ಬುಡನ್ ಅವರು ಅರಬ್ ದೇಶದಿಂದ ಏಳು ಬೀಜಗಳನ್ನು ತಂದು ಇಲ್ಲಿಯ ಗಿರಿಯಲ್ಲಿ ಬಿತ್ತಿದರೆಂಬುದು ಜನರ ನಂಬಿಕೆ. ಬೀಜ ಬಂದು ಬಹುಕಾಲ ಕಳೆದ ಮೇಲೆ ಐರೋಪ್ಯ ತೋಟಗಾರರು ಬಂದರು. 1830ರ ಸುಮಾರಿಗೆ ಥಾಮಸ್ ಕ್ಯಾನನ್ ಎಂಬವರು ಚಿಕ್ಕಮಗಳೂರಿನ ಬಳಿ ತೋಟ ಹಾಕಿದರು. 1856ರಲ್ಲಿ ರಾಬರ್ಟ್ ಎಲಿಯಟ್ ಎಂಬ, ಇನ್ನೂ ಇಪ್ಪತ್ತು ತುಂಬದ ತರುಣರು ಮೂಡಿಗೆರೆಯ ನೆರೆಯ ಮಂಜರಾಬಾದಿನಲ್ಲಿ, ಎಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ, ನೆಲಸಿದರು.

ಆ ಕಾಲದ ದಿನಚರಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ. ಒಣಗದ ಬಟ್ಟೆ, ಬೂಷ್ಟು ಹಿಡಿದ ಬೂಟು, ಕಾಲಿಗೆ ಹತ್ತುವ ಇಂಬಳ. ಮಳೆ ಹೊಳವಾದರೆ ಚಳಿಜ್ವರ. ವೈದ್ಯರು ಬಹುದೂರ, ಮನೆಯಿಂದ ಕಾಗದ ಬರಲು ವಾರಗಳೇ ಬೇಕು. ಅನ್ನವೇ ಊಟವಾದ ನಾಡಿನಲ್ಲಿ ರೊಟ್ಟಿ ಬೆಣ್ಣೆಯ ನೆನಪು. ಊರಿನವರು ಕಂಬಳಿ ಕೊಪ್ಪೆಯನ್ನೋ ಗೊರಬನ್ನೋ ಹೊದ್ದು ಗದ್ದೆಯಲ್ಲಿ ಸುಖವಾಗಿ ಕೆಲಸ ಮಾಡುತ್ತಿರುವಾಗ, ವಿಲಾಯತಿ ಕೋಟು ತೊಟ್ಟ ಹೊಸಬ ಜಗಲಿಯಲ್ಲಿ ನಡುಗುತ್ತ ನಿಂತಿರಬೇಕು.

ಆದರೂ ಅವನನ್ನು ಎಲ್ಲರೂ ‘ದೊರೆ’ ಎಂದು ಕರೆಯುತ್ತಿದ್ದರು. ಆಗ ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರ ಆಡಳಿತ. ದೊರೆ ಎನಿಸಿಕೊಂಡವನಿಗೆ ಅಪ್ಪಣೆ ಮಾಡುವುದು ಸುಲಭ, ‘ನನಗೆ ತಿಳಿಯದು, ಹೇಳಿಕೊಡಿ’ ಎನ್ನುವುದು ಕಷ್ಟ. ಆಳುಗಳು ಅಪ್ಪಣೆಯನ್ನು ಪಾಲಿಸಿಯಾರು, ನೆಲ ಪಾಲಿಸುವುದಿಲ್ಲ.

ಊರಿನ ಬೆಳೆಗಾರರು ಕಾಫಿಯನ್ನು ಮರಗಳ ನೆರಳಿನಲ್ಲಿ ಬೆಳೆಸುತ್ತಿದ್ದರು. ಹೊಸಬರಲ್ಲಿ ಹಲವರಿಗೆ ಅದು ಸೋಮಾರಿತನದಂತೆ ತೋರಿತು. ಕಾಡನ್ನು ಕಡಿದು ಬಯಲು ಮಾಡಿ, ಬಿಸಿಲಿನಲ್ಲಿ ಗಿಡ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳು ತೋಟಗಳಿಗೆ ಬಿದ್ದಿತು. ಬಿಸಿಲು ಬಿದ್ದ ಗಿಡವೇ ಆ ಹುಳುವಿಗೆ ಪ್ರಿಯ. ಚಿಕ್ಕಮಗಳೂರಿನ ಹೆಸರಿನಿಂದಲೇ ‘ಚಿಕ್’ ಎನಿಸಿಕೊಂಡಿದ್ದ ಹಳೆಯ ತಳಿ ನೆಲಕಚ್ಚಿತು. ಹಲವರ ಬಂಡವಾಳವೂ ಅದರೊಡನೆ ಹೋಯಿತು. ಉಳಿದವರು ಊರಿನವರ ಹಾದಿಗೆ ಬಂದರು, ನೆರಳಿನ ಮರಗಳನ್ನು ನೆಟ್ಟರು.

ಎಲಿಯಟ್ಟರು ರೈತರ ನಡುವೆ ಬಾಳುತ್ತ ಕನ್ನಡವನ್ನು ಕಲಿತಿದ್ದರು. 1871ರಲ್ಲಿಯೂ 1894ರಲ್ಲಿಯೂ ತಮ್ಮ ಅನುಭವವನ್ನು ಇಂಗ್ಲಿಷಿನಲ್ಲಿ ಪುಸ್ತಕಗಳಾಗಿ ಬರೆದರು. ನೆರಳಿಲ್ಲದೆ ಇಲ್ಲಿ ಕಾಫಿ ಉಳಿಯದೆಂಬುದು ಅವರ ದೃಢವಾದ ಅಭಿಪ್ರಾಯ. ಬಸರಿ, ಗೋಣಿ ಮೊದಲಾದ ಮರಗಳನ್ನು ಅವರು ಕನ್ನಡದ ಹೆಸರುಗಳಿಂದಲೇ ಕರೆದಿದ್ದಾರೆ. ಮರದ ಹೆಸರನ್ನು ಕಲಿಯಬೇಕಾದರೆ ಮರವನ್ನು ಬಲ್ಲವನ ಬಳಿ ನಿಲ್ಲಬೇಕಷ್ಟೆ.

ಅರ್ಧ ಶತಮಾನದ ಬಳಿಕ, 1908ರಲ್ಲಿ, ಇನ್ನೊಬ್ಬ ಹೊಸಬರು ಮೈಸೂರಿಗೆ ಬಂದರು. ಅವರು ಲೆಸ್ಲಿ ಕೋಲ್‌ಮನ್; ಕೆನಡಾ ದೇಶದವರು, ಟೊರಾಂಟೋದಲ್ಲಿ ಓದಿದವರು. ಮಲೆನಾಡಿನ ಅಡಕೆ ತೋಟಗಳಲ್ಲಿ ಮಳೆಗಾಲ ಬಂದೊಡನೆ ಎಳೆಯ ಕಾಯಿ ಕೊಳೆತು ಉದುರುತ್ತಿದ್ದಿತು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದು ರೈತರಿಗೆ ತಿಳಿದಿದ್ದ ಉಪಾಯ. ಕೋಲ್‌ಮನ್ನರು ಅದನ್ನು ನೋಡಿ ನಗಲಿಲ್ಲ. ಅದರ ಒಳಗುಟ್ಟನ್ನು ಅರಿತರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣಕ್ಕೆ ಅಂಟುವಸ್ತುವನ್ನು ಸೇರಿಸಿ, ಮಲೆನಾಡಿನ ಮಳೆಗೂ ತೊಳೆದುಹೋಗದಂತೆ ಮಾಡಿದರು. 1910ರಲ್ಲಿ ಅವರು ಪ್ರಕಟಿಸಿದ ಇಂಗ್ಲಿಷ್ ವರದಿಯಲ್ಲಿ ರೋಗದ ಹೆಸರು ರೈತರು ಹೇಳಿದ್ದೇ: ಕೊಳೆರೋಗ. ಕಾಫಿಗೆ ಬರುವ ಕೊಳೆರೋಗದ ಶಿಲೀಂಧ್ರಕ್ಕಂತೂ 1876ರಲ್ಲಿಯೇ ಆ ಕನ್ನಡ ಪದ ಶಾಸ್ತ್ರೀಯ ನಾಮದಲ್ಲಿ ಸೇರಿಹೋಗಿದ್ದಿತು. ಮುಂದೆ ಕೋಲ್‌ಮನ್ನರು ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದಾಗ, 1925ರಲ್ಲಿ, ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಕಾಲಚಕ್ರ ಈಗ ತಿರುಗಿದೆ. ಅಂದು ಟೊರಾಂಟೋದಿಂದ ಒಬ್ಬರು ಇತ್ತ ಬಂದರು. ಇಂದು ಈ ಬೆಟ್ಟಗಳ ಮಕ್ಕಳು ಅತ್ತ ಹೋಗುತ್ತಿದ್ದಾರೆ. ಕಳಸದ ಕಡೆಯ ಅಂಥ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಓದಲೆಂದು ಹೋದವನಿಗೆ ಅದು ಮೊದಲ ಚಳಿಗಾಲ. ಊರಿನಿಂದ ಕೊಂಡೊಯ್ದ ಬೂಟನ್ನೇ ಮೆಟ್ಟಿ ಹಿಮದ ಮೇಲೆ ನಡೆದು, ಜಾರಿ ಬಿದ್ದು, ಮಣಿಕಟ್ಟು ಊದಿಕೊಂಡಿದೆ. ಫೋನಿನಲ್ಲಿ ಎರಡು ದಿನ ಮುಚ್ಚಿಟ್ಟ ಸಂಗತಿ ಮೂರನೆಯ ದಿನ ತಾಯಿಗೆ ತಿಳಿಯಿತು.

‘ಎಂಥ ಬೂಟು ಹಾಕ್ಬೇಕು ಅಂತ ಅಲ್ಲಿಯೋರನ್ನ ಕೇಳಲಿಲ್ವೇನೋ?’

‘ಇಷ್ಟು ಸಣ್ಣ ವಿಷಯ ಹೇಗಮ್ಮ ಕೇಳೋದು? ನಗ್ತಾರೆ.’

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನಾನು ಕಡೂರಿನ ಬಯಲಿನಿಂದ ಈ ಮನೆಗೆ ಬಂದಾಗ ಇಂಬಳ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ ಕಣೋ. ಕಾಲು ತುಂಬ ರಕ್ತ ನೋಡಿ ಹಿತ್ತಿಲಲ್ಲಿ ಕೂತು ಅತ್ತೆ. ಕೆಲಸದ ಹೆಂಗಸರು ನಕ್ಕರು. ನಕ್ಕು, ಸುಣ್ಣ ಹೊಗೆಸೊಪ್ಪು ಕಾಲಿಗೆ ಸವರಿದರು. ಆಮೇಲೆ ಅವರೇ ನನಗೆ ಎಲ್ಲಾ ಕಲಿಸಿದ್ದು. ನಕ್ಕರೆ ನಗಲಿ ಬಿಡು, ಹೋಗಿ ಕೇಳು.’

ಮರುದಿನ ಹುಡುಗ ಪಕ್ಕದ ಮನೆಯ ವೃದ್ಧೆಯನ್ನು ಕೇಳಿದನು. ಆಕೆ ನಕ್ಕಳು. ಬಳಿಕ ಬಾಗಿಲು ತೆರೆದು ಒಳಗೆ ಕರೆದು, ಯಾವ ಅಂಗಡಿಯಲ್ಲಿ ಎಂಥ ಬೂಟು ಕೊಳ್ಳಬೇಕು, ಹಿಮದ ಮೇಲೆ ಹೇಗೆ ಪಾದವನ್ನು ಸಮನಾಗಿ ಊರಿ ಚಿಕ್ಕ ಹೆಜ್ಜೆ ಇಡಬೇಕು ಎಂಬುದನ್ನೆಲ್ಲ ತೋರಿಸಿಕೊಟ್ಟಳು.

ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯನ್ನೂ ಕಾಫಿಪುಡಿಯನ್ನೂ ತುಂಬಿ ಮಕ್ಕಳನ್ನು ಕಳುಹಿಸುವ ತಾಯ್ತಂದೆಯರು ಈ ಒಂದು ಬುದ್ಧಿಯನ್ನೂ ಕಟ್ಟಿಕೊಡುವುದು ಲೇಸು. ತಾಯ್ನಾಡಿನ ರುಚಿ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ, ನಿಜ. ಆದರೆ ಕಾಲು ಜಾರದಂತೆ ಹಿಡಿದು ನಿಲ್ಲಿಸುವುದು ಹೋದ ನಾಡಿನವರ ತಿಳಿವಳಿಕೆ. ಅದು ಕೇಳಿದವನಿಗೇ ದೊರೆಯುವುದು.