ಕಾಯಕವನ್ನು ಮರಳಿ ಕೊಡುವವರು

ಎರಡು ವರ್ಷದ ಹಿಂದೆ ನನ್ನ ಪತ್ನಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತವು. ಮಡಿಕೇರಿಯಲ್ಲಿ ಫಿಸಿಯೋಥೆರಪಿಸ್ಟರು ಸಿಕ್ಕರು; ಮೂರು ತಿಂಗಳಲ್ಲಿ ಕೋಲು ಹಿಡಿದು ನಡೆದಳು. ಆದರೆ ಮನೆಯಲ್ಲಿ ಅವಳಿಗೆ ಮಾಡಲು ಏನೂ ಉಳಿದಿರಲಿಲ್ಲ. ರವಿಕೆ ತೊಡಿಸುವುದು ಸೊಸೆ, ಅನ್ನ ಕಲಸಿ ಕೊಡುವುದು ನಾನು. ಇದನ್ನೇ ಸೇವೆ ಎಂದುಕೊಂಡಿದ್ದೆವು. ನೆಂಟರೊಬ್ಬರು "ಪೂರ್ವಜನ್ಮದ ಕರ್ಮ" ಎಂದು ಹೇಳಿ, ಕಾಫಿ ಕುಡಿದು ಹೋದರು. ಶರಣರ ಹೆಸರು ಹೇಳುವ ಮನೆಗಳಲ್ಲೂ ಈ ಮಾತು ಇನ್ನೂ ಸತ್ತಿಲ್ಲ.

ಆಕ್ಯುಪೇಷನಲ್ ಥೆರಪಿಸ್ಟರನ್ನು ಕಾಣಿರೆಂದು ವೈದ್ಯರು ಚೀಟಿಯಲ್ಲಿ ಬರೆದಿದ್ದರು. ಊರಲ್ಲಿ ವಿಚಾರಿಸಿದರೆ ಮತ್ತೆ ಫಿಸಿಯೋಥೆರಪಿಗೇ ಕಳಿಸಿದರು. ಒಬ್ಬರಂತೂ "ಅದು ಉದ್ಯೋಗ ಕೊಡಿಸುವ ಕಚೇರಿಯೇ?" ಎಂದರು. ಕೊನೆಗೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಹೋದೆವು.

ಅಲ್ಲಿನ ಹೆಣ್ಣುಮಗಳು ಕೈ ಮುಟ್ಟಿ ನೋಡುವ ಮುಂಚೆಯೇ ಕೇಳಿದರು: "ಅಮ್ಮಾ, ಮತ್ತೆ ಯಾವ ಕೆಲಸ ಮಾಡಬೇಕು ಅನ್ಸುತ್ತೆ ನಿಮಗೆ?" ಎಡ ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡಬೇಕು ಎಂದು ನನ್ನವಳು ಅತ್ತಳು. ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ನಾನು ಕೇಳಿರಲೇ ಇಲ್ಲ.

ಮೊಣಕೈಯನ್ನು ಮಣೆಯ ಮೇಲೆ ಊರಿ, ಮಣಿಕಟ್ಟಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅಂಗೈಯಲ್ಲಿ ಮೊದಲು ನಿಂಬೆಹಣ್ಣು ನಿಲ್ಲಿಸುವ ಅಭ್ಯಾಸ. ಬೆರಳು ಮಡಚಿಕೊಳ್ಳದಂತೆ ರಾತ್ರಿ ಕಟ್ಟಲು ಒಂದು ಪಟ್ಟಿ. ರವಿಕೆಗೆ ಹುಕ್ಕಿನ ಬದಲು ವೆಲ್ಕ್ರೋ. ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಬಚ್ಚಲಿನ ಹಿಡಿಗಂಬಿಯನ್ನು ನಾನು ಇಂಜಿನಿಯರನ ಜಂಬದಲ್ಲಿ ಮೂರಡಿ ಎತ್ತರಕ್ಕೆ ಹಾಕಿಸಿದ್ದೆ. ಅವರು ಅದರ ಫೋಟೋ ನೋಡಿ, "ಸರ್, ಅಮ್ಮನ್ನ ಕೂರಿಸಿ ಏಳಿಸಿ, ಕೈ ಎಲ್ಲಿಗೆ ಹೋಗುತ್ತೋ ಅಲ್ಲಿ ಗುರುತು ಹಾಕಿ" ಎಂದರು. ಗೋಡೆ ಮತ್ತೆ ಕೊರೆಸಿದೆ.

ಕೈಕಾಲಿನ ಚಲನೆ, ಬಲ ಮರಳಿಸುವುದು ಮುಖ್ಯವಾಗಿ ಫಿಸಿಯೋಥೆರಪಿ. ಆ ಬಲ ಎಷ್ಟಿದೆಯೋ ಅಷ್ಟರಲ್ಲೇ ಉಣ್ಣುವುದು, ಉಡುವುದು, ದುಡಿಯುವುದು ಹೇಗೆಂದು ಕಲಿಸಿ, ಬೇಕಾದರೆ ಮನೆಯನ್ನೇ ಬದಲಿಸುವುದು ಇವರ ವಿದ್ಯೆ. ಪೆನ್ಸಿಲ್ ಹಿಡಿಯಲಾಗದ ಮಗುವಿಗೂ, ಮರೆವಿನ ಹಿರಿಯರಿಗೂ ಇದು ಬೇಕು. ಹೊಸತೇನಲ್ಲ, 1950ರಲ್ಲೇ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಇದರ ಶಾಲೆ ತೆರೆದರು. ನಮ್ಮ ರಾಜ್ಯದ ಮಣಿಪಾಲದಲ್ಲಿ ಪದವಿ ಶಿಕ್ಷಣವಿದೆ. 2021ರ ಕೇಂದ್ರ ಕಾಯ್ದೆ ಈ ವೃತ್ತಿಯನ್ನು ಹೆಸರಿಸಿ ಮಾನ್ಯ ಮಾಡಿದೆ. ಹುಡುಕುವವರು ವಿಶೇಷ ಮಕ್ಕಳ ಶಾಲೆಗಳಲ್ಲಿ ವಿಚಾರಿಸಿ, ಬಿ.ಓ.ಟಿ. ಪದವಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ನಮ್ಮ ಮಠಗಳು ಇಂಜಿನಿಯರಿಂಗ್ ಕಾಲೇಜು ಕಟ್ಟಿವೆ, ವೈದ್ಯಕೀಯ ಕಾಲೇಜು ಕಟ್ಟಿವೆ. ಕಾಯಕವನ್ನು ಮರಳಿ ಕೊಡುವ ಈ ವಿದ್ಯೆ ನಮ್ಮದಲ್ಲದೆ ಮತ್ತಾರದು? ಕಾಲೇಜು ನಿಧಾನಕ್ಕೆ ಬರಲಿ. ಗುಡ್ಡಗಾಡಿನ ನಮ್ಮಂಥ ಊರುಗಳ ಮಠಗಳು ತಿಂಗಳಿಗೊಂದು ದಿನ ಒಂದು ಕೋಣೆ ಬಿಟ್ಟುಕೊಟ್ಟು, ಮೈಸೂರಿನಿಂದಲೋ ಮಂಗಳೂರಿನಿಂದಲೋ ಒಬ್ಬರನ್ನು ಕರೆಸಲಿ. ಆ ಕೋಣೆಗೆ ಇಳಿಜಾರು ದಾರಿ, ಹಿಡಿಗಂಬಿ ಹಾಕಿಸುವ ಕೆಲಸ ನನ್ನದು. ಈ ಸಲ ಅಳತೆ ಕೇಳಿಕೊಂಡೇ ಹಾಕಿಸುತ್ತೇನೆ.