ಒಂದು ಬಿಂದುವಿನ ಕಥೆ

ಪಾಲಕ್ ಸೊಪ್ಪಿನಲ್ಲಿ ಕಬ್ಬಿಣ ಹೇರಳ ಎಂಬ ನಂಬಿಕೆ ಬಂದದ್ದು ಹೇಗೆ? 19ನೇ ಶತಮಾನದ ವಿಜ್ಞಾನಿಗಳು ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿಟ್ಟದ್ದರಿಂದ ಪ್ರಮಾಣ ಹತ್ತು ಪಟ್ಟಾಯಿತಂತೆ. ಈ ಕಥೆಯನ್ನು ನಾನೂ ತರಗತಿಯಲ್ಲಿ ಹೇಳಿದ್ದುಂಟು.

1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಟೆರೆನ್ಸ್ ಹ್ಯಾಂಬ್ಲಿನ್ ಇದನ್ನು ಬರೆದರು, ಆಧಾರ ಕೊಡಲಿಲ್ಲ. ಅನೇಕರು ಅದನ್ನೇ ನಂಬಿ ಬರೆದರು. 2010ರಲ್ಲಿ ಮೈಕ್ ಸಟನ್ ಹಳೆಯ ಮೂಲಗಳನ್ನು ಕೆದಕಿದಾಗ ಬಿಂದು ತಪ್ಪಿದ್ದಕ್ಕೆ ಪುರಾವೆಯೇ ಸಿಗಲಿಲ್ಲ! ಎಚ್ಚರ ಹೇಳುವ ಕಥೆಯನ್ನೇ ಯಾರೂ ಪರೀಕ್ಷಿಸಿರಲಿಲ್ಲ.

ತಾಂತ್ರಿಕ ವರದಿ ಬರೆಯಲು ಗ್ರಂಥಾಲಯಕ್ಕೆ ಹೋಗುವ ವಿದ್ಯಾರ್ಥಿಗಳೇ, ಪುಸ್ತಕ ಕೈಗೆ ಬಂದೊಡನೆ ಶೀರ್ಷಿಕೆ ಪುಟದ ಹಿಂಬದಿ ನೋಡಿ. ಮರುಮುದ್ರಣದ ವರ್ಷ ಕಂಡು ಹೊಸದೆಂದು ಭಾವಿಸಬೇಡಿ. ಮೊದಲ ಮುದ್ರಣ ಎಂದಾಯಿತು, ಆಮೇಲೆ ಪರಿಷ್ಕರಿಸಿದ್ದಾರೆಯೇ ಗಮನಿಸಿ. ಅಂಕಿಯೊಂದು ಬೇಕಾದರೆ ಅಡಿಟಿಪ್ಪಣಿಯ ಜಾಡು ಹಿಡಿದು ಮೂಲ ಲೇಖನದವರೆಗೆ ಹೋಗಿ. ಹತ್ತು ಪುಸ್ತಕಗಳು ಒಂದೇ ಮಾತು ಹೇಳಿದರೂ, ಹತ್ತೂ ಒಂದೇ ಕಡೆಯಿಂದ ಎತ್ತಿಕೊಂಡಿದ್ದರೆ ಸಿಕ್ಕುವುದು ಒಂದೇ ಸಾಕ್ಷಿ.

ಮೂಲ ಸಿಗಲಿಲ್ಲವೇ? ನೀವು ನಿಜವಾಗಿ ಓದಿದ ಪುಸ್ತಕದ ಹೆಸರನ್ನೇ ಬರೆಯಿರಿ. ಓದದ ಗ್ರಂಥವನ್ನು ಪಟ್ಟಿಗೆ ಸೇರಿಸಿದರೆ ಇನ್ನೊಬ್ಬರ ತಪ್ಪಿಗೆ ನೀವು ರುಜು ಹಾಕಿದಂತೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು; ಕಾಣದ್ದರ ಮಾತು ಹಾಗಿರಲಿ!