ಕಣ್ಣ ಮುಂದಿನ ನೊಣಗಳು

“ಕಣ್ಣ ಮುಂದ ಏನೋ ಹಾರಿದಂಗ ಆಗತೈತ್ರಿ ಬುದ್ಧಿ, ಕೈಲೆ ಸರಿಸಿದ್ರೂ ಹೋಗೂದಿಲ್ಲ” ಎಂಬ ಮಾತನ್ನು ಅರವತ್ತರ ಆಸುಪಾಸಿನ ಭಕ್ತರ ಬಾಯಲ್ಲಿ ನಾವು ಅನೇಕ ಸಲ ಕೇಳಿದ್ದೇವೆ. ನಮ್ಮ ವಯಸ್ಸೂ ಅದೇ ಆದುದರಿಂದ ಬಿಳಿ ಗೋಡೆಯ ಮೇಲೆ, ತೆರೆದ ಆಕಾಶದಲ್ಲಿ, ಪುಸ್ತಕದ ಬರಿಯ ಅಂಚಿನಲ್ಲಿ ಇಂಥ ಎರಡು ಮೂರು ಎಳೆಗಳು ತೇಲುವುದನ್ನು ನಾವೂ ಬಲ್ಲೆವು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ದೃಷ್ಟಿರೋಗಗಳನ್ನು ವಿವರಿಸುವಲ್ಲಿ ನೊಣ, ಸೊಳ್ಳೆ, ಕೂದಲು, ಬಲೆಗಳು ಕಂಡಂತಾಗುವುದೆಂದು ಹೆಸರಿಸಿಯೇ ಹೇಳಿದೆ. ಯುರೋಪಿನ ಹಳೆಯ ವೈದ್ಯರು ಲ್ಯಾಟಿನ್ ಭಾಷೆಯಲ್ಲಿ ಇದಕ್ಕಿಟ್ಟ ಹೆಸರಿನ ಅರ್ಥವೂ ಹಾರುವ ನೊಣಗಳೆಂದೇ.

ಈ ನೊಣಗಳಲ್ಲಿ ಎರಡು ಬಗೆ. ಒಂದನ್ನು ವರ್ಷಗಟ್ಟಲೆ ಸಹಿಸಿಕೊಂಡಿರಬಹುದು. ಇನ್ನೊಂದನ್ನು ಮುಚ್ಚಿಟ್ಟುಕೊಂಡು ಒಂದು ವಾರವೂ ಕುಳಿತಿರಬಾರದು. ಎರಡನ್ನೂ ಒಂದೇ ಎಂದು ಬಗೆದವರ ಮನೆಯಲ್ಲಿ ಕಣ್ಣು ಹೋದುದನ್ನು ಕಂಡುದರಿಂದ ಈ ಸಂಚಿಕೆಯಲ್ಲಿ ಇದನ್ನೇ ಬರೆಯಬೇಕೆನಿಸಿತು. ನಾವು ವೈದ್ಯರಲ್ಲ. ನೇತ್ರವೈದ್ಯರಿಂದ ಕೇಳಿ, ಓದಿ ತಿಳಿದುದನ್ನು ಓದುಗರ ಮುಂದಿಡುತ್ತಿದ್ದೇವೆ.

ಕಣ್ಣಿನ ಗುಡ್ಡೆಯೊಳಗೆ ಸುಮಾರು ೪ ಮಿಲಿಲೀಟರಿನಷ್ಟು ಪಾರದರ್ಶಕವಾದ ಲೋಳೆ ತುಂಬಿದೆ. ಅದರಲ್ಲಿ ನೂರಕ್ಕೆ ೯೯ ಪಾಲು ನೀರೇ. ಆ ನೀರನ್ನು ಅತಿಸೂಕ್ಷ್ಮವಾದ ತಂತುಗಳು ಹಿಡಿದಿಟ್ಟಿವೆ. ಎಳೆವಯಸ್ಸಿನಲ್ಲಿ ಈ ಲೋಳೆ ಬಿಗಿಯಾಗಿದ್ದು, ಹಿಂಬದಿಯ ಅಕ್ಷಿಪಟಲಕ್ಕೆ ಅಂಟಿಕೊಂಡಿರುತ್ತದೆ. ವಯಸ್ಸಾದಂತೆ ಅದು ನೀರಾಗುತ್ತ ಹೋಗುತ್ತದೆ, ತಂತುಗಳು ಕೂಡಿ ಗಂಟಾಗುತ್ತವೆ. ಆ ಗಂಟುಗಳ ನೆರಳು ಅಕ್ಷಿಪಟಲದ ಮೇಲೆ ಬೀಳುತ್ತದೆ. ನೊಣವೆಂದು ನಾವು ಕಾಣುವುದು ಆ ನೆರಳನ್ನು. ಕಣ್ಣು ಹೊರಳಿದತ್ತ ಅದೂ ಹೊರಳುವುದಕ್ಕೆ, ನೇರವಾಗಿ ನೋಡಹೋದರೆ ಜಾರುವುದಕ್ಕೆ ಇದೇ ಕಾರಣ. ಹಳೆಯ ನೊಣಗಳು ಎಣಿಕೆಯಲ್ಲಿ ಹೆಚ್ಚದೆ ಇದ್ದಷ್ಟೇ ಇದ್ದರೆ ಸಾಮಾನ್ಯವಾಗಿ ಅವುಗಳಿಂದ ಕೇಡಿಲ್ಲ. ಮನಸ್ಸು ಕ್ರಮೇಣ ಅವನ್ನು ಮರೆಯುತ್ತದೆ. ಅವನ್ನು ಕರಗಿಸುವ ಹನಿ ಔಷಧವಾವುದೂ ಇಲ್ಲ. ಜೇನುತುಪ್ಪವನ್ನೋ ಸೊಪ್ಪಿನ ರಸವನ್ನೋ ಬಿಟ್ಟುಕೊಂಡರೆ ಕಣ್ಣಿಗೆ ಹುಣ್ಣಾದೀತೇ ಹೊರತು ನೊಣ ಹೋಗದು.

ಸಾಮಾನ್ಯವಾಗಿ ಐವತ್ತರ ಬಳಿಕ ಎಂದಾದರೊಮ್ಮೆ ಈ ಲೋಳೆಯು ಅಕ್ಷಿಪಟಲದಿಂದ ಕಳಚಿಕೊಳ್ಳುತ್ತದೆ. ಕೂದಲು ನರೆತಂತೆ ಇದೂ ಸಹಜವೇ. ಆದರೆ ಎಲ್ಲಿಯಾದರೂ ಅಂಟು ಬಲವಾಗಿದ್ದರೆ, ಗೋಡೆಗೆ ಹಚ್ಚಿದ ಹಳೆಯ ಕಾಗದವನ್ನು ಕಿತ್ತಾಗ ಸುಣ್ಣದ ಪದರವೂ ಕಿತ್ತು ಬರುವಂತೆ, ಅಕ್ಷಿಪಟಲವು ಹರಿಯುತ್ತದೆ. ಹರಿದಲ್ಲಿ ನೀರು ನುಗ್ಗಿ ಪಟಲವನ್ನೇ ಮೇಲಕ್ಕೆಬ್ಬಿಸುತ್ತದೆ. ಹೀಗೆ ಲೋಳೆ ಕಳಚಿ ಹೊಸದಾಗಿ ನೊಣ, ಮಿಂಚು ಕಂಡು ದವಾಖಾನೆಗೆ ಬಂದವರಲ್ಲಿ ನೂರಕ್ಕೆ ೧೦ರಿಂದ ೧೫ ಜನರಿಗೆ ಇಂಥ ಹರಕು ಇರುತ್ತದೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಉಳಿದವರು ನಿಶ್ಚಿಂತೆಯಿಂದ ಮನೆಗೆ ಮರಳುತ್ತಾರೆ. ತಾನು ಯಾವ ಗುಂಪಿನವನೆಂಬುದನ್ನು ಮಾತ್ರ ಮನೆಯಲ್ಲಿ ಕುಳಿತು ಯಾರೂ ಹೇಳಲಾರರು.

ನಮ್ಮ ಭಾಗದಲ್ಲಿ ಒಂದು ವಿಶೇಷ ತೊಡಕಿದೆ. ಬೀಳಗಿಯಲ್ಲಿ ಜನಿಸಿ, ೧೯೬೮ರಲ್ಲಿ ಪದ್ಮಭೂಷಣ ಪಡೆದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿ ಸಾವಿರಾರು ಜನರ ಪೊರೆ ತೆಗೆದರು. ಮಠಗಳೂ ದಾನಿಗಳೂ ಅದೇ ದಾರಿ ಹಿಡಿದರು. ಅದು ದೊಡ್ಡ ಪುಣ್ಯಕಾರ್ಯ, ಅದರಲ್ಲಿ ಸಂದೇಹವಿಲ್ಲ. ಆದರೆ ಮುಪ್ಪಿನಲ್ಲಿ ಕಣ್ಣಿನ ತೊಂದರೆ ಎಂದರೆ ಮೋತಿಬಿಂದು, ಮೋತಿಬಿಂದು ಎಂದರೆ ಹಣ್ಣಾಗುವವರೆಗೆ ಕಾಯುವುದು, ಮುಂದಿನ ಜಾತ್ರೆಯ ಶಿಬಿರದಲ್ಲಿ ತೋರಿಸುವುದು ಎಂಬ ತಿಳಿವಳಿಕೆಯೂ ಜನರ ಮನಸ್ಸಿನಲ್ಲಿ ಬೇರೂರಿತು. ಪೊರೆ ತಿಂಗಳುಗಟ್ಟಲೆ ಕಾದೀತು. ಅಕ್ಷಿಪಟಲ ಕಾಯದು.

ನಮ್ಮ ಪರಿಚಯದ ನಿವೃತ್ತ ಶಿಕ್ಷಕರೊಬ್ಬರು ಧಾರವಾಡದಲ್ಲಿದ್ದಾರೆ. ನಸುಕಿನ ಕತ್ತಲಲ್ಲಿ ಪೂಜೆಗೆ ಕುಳಿತಾಗ ಎಡಗಣ್ಣಿನ ಅಂಚಿನಲ್ಲಿ ಮಿಂಚು ಹೊಳೆಯತೊಡಗಿತು. ಇಷ್ಟಲಿಂಗದ ಮೇಲೆ ದೃಷ್ಟಿಯಿಟ್ಟವರಿಗೆ ಅದು ಏನೆನಿಸಿರಬೇಕೆಂದು ಓದುಗರೇ ಊಹಿಸಬಲ್ಲರು. ಅನುಭಾವದ ಮಾತನ್ನು ಹೊರಗೆ ಆಡಬಾರದೆಂದು ಅವರು ಯಾರಿಗೂ ಹೇಳಲಿಲ್ಲ. ನಾಲ್ಕು ದಿನಗಳಲ್ಲಿ ಮಸಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಬಂದವು. ಮೋತಿಬಿಂದು ಇರಬೇಕೆಂದು ಮನೆಯವರು ಮೂರು ವಾರಗಳಾಚೆಗಿನ ಶಿಬಿರದಲ್ಲಿ ತೋರಿಸುವ ಮಾತಾಡಿದರು. ಅಷ್ಟರಲ್ಲಿ ಮೂಗಿನ ಕಡೆಯಿಂದ ಪರದೆ ಸರಿದು ಬಂದಿತು. ಶಸ್ತ್ರಚಿಕಿತ್ಸೆಯಿಂದ ಪಟಲವೇನೋ ಕೂತಿತು, ಆದರೆ ಆ ಕಣ್ಣಿಗೆ ಅಕ್ಷರ ಮರಳಲಿಲ್ಲ. ಅನುಭಾವವನ್ನು ಅಲ್ಲಗಳೆಯುವ ಮಾತು ನಮ್ಮದಲ್ಲ. ಒಂದೇ ಕಣ್ಣಿನ ಅಂಚಿನಲ್ಲಿ, ಕತ್ತಲಲ್ಲಿ ಕಣ್ಣು ಹೊರಳಿಸಿದಾಗಲೆಲ್ಲ ಹೊಳೆಯುವ ಮಿಂಚು ಮಾತ್ರ ಲೋಳೆಯು ಪಟಲವನ್ನು ಜಗ್ಗುವುದರಿಂದ ಹುಟ್ಟಿದ್ದು. ಅದನ್ನು ಗುರುವಿಗೆ ತಿಳಿಸುವ ಮೊದಲು ವೈದ್ಯರಿಗೆ ತಿಳಿಸಬೇಕು.

ಆದುದರಿಂದ ಒಮ್ಮೆಲೇ ಹೊಸ ನೊಣಗಳು ಹಿಂಡಾಗಿ ಬಂದರೆ, ಮಸಿಯೋ ಹೊಗೆಯೋ ಕವಿದಂತಾದರೆ, ಮಿಂಚು ಹೊಳೆದರೆ ಅಂದೇ, ತಪ್ಪಿದರೆ ಮರುದಿನ, ನೇತ್ರವೈದ್ಯರನ್ನು ಕಾಣಬೇಕು. ಯಾವುದಾದರೊಂದು ಬದಿಯಿಂದ ಪರದೆ ಇಳಿದಂತಾದರೆ ರಾತ್ರಿಯೆಂದು ತಡೆಯಲೂಬಾರದು. ನೋವಿಲ್ಲವೆಂದು ಸುಮ್ಮನಿರುವವರೇ ಬಹಳ. ಈ ರೋಗಕ್ಕೆ ನೋವೇ ಇರುವುದಿಲ್ಲ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುವುದರಿಂದ, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರನ್ನು ನೋಡಿಕೊಳ್ಳುವುದು ಒಳ್ಳೆಯದು. ಚಿಕ್ಕಂದಿನಿಂದ ದೂರದ್ದು ಕಾಣದೆ ದಪ್ಪ ಚಷ್ಮಾ ಹಾಕುವವರು, ಪೊರೆ ತೆಗೆಸಿಕೊಂಡವರು, ಕಣ್ಣಿಗೆ ಪೆಟ್ಟು ಬಿದ್ದವರು ಹೆಚ್ಚು ಎಚ್ಚರದಿಂದಿರಬೇಕು. ಸಕ್ಕರೆ ಕಾಯಿಲೆಯವರಿಗೆ ಕಣ್ಣೊಳಗೆ ರಕ್ತ ಸೋರಿಯೂ ಇಂಥ ಚುಕ್ಕೆಗಳು ಕಾಣಬಹುದು. ಮದುವೆ, ಸೀಮಂತ, ಸುಗ್ಗಿ ಮುಗಿಯಲೆಂದು ತಮ್ಮ ಬೇನೆಯನ್ನು ಮುಂದೂಡುವ ನಮ್ಮ ತಾಯಂದಿರಿಗೆ ಈ ಮಾತನ್ನು ಎರಡು ಸಲ ಓದಿ ಹೇಳಿರೆಂದು ಮನೆಯ ಮಕ್ಕಳಲ್ಲಿ ಕೇಳಿಕೊಳ್ಳುತ್ತೇವೆ.

ಒಂದು ಕಾಲದಲ್ಲಿ ಪಟಲ ಕಳಚಿದರೆ ಕಣ್ಣು ಹೋದಂತೆಯೇ ಇತ್ತು. ಹರಕನ್ನು ಹುಡುಕಿ ಮುಚ್ಚಿದರೆ ಪಟಲ ಕೂರುವುದೆಂದು ಸ್ವಿಟ್ಜರ್ಲೆಂಡಿನ ಜೂಲ್ ಗೋನ್ಯಾ ಎಂಬ ವೈದ್ಯರು ೧೯೨೦ರ ದಶಕದಲ್ಲಿ ತೋರಿಸಿಕೊಟ್ಟರು. ಇಂದು ಹರಕು ಮಾತ್ರ ಇದ್ದಾಗಲೇ ಹೋದರೆ ಅದರ ಸುತ್ತ ಲೇಸರ್ ಕಿರಣದಿಂದ ಬೆಸುಗೆ ಹಾಕಿ ಅದೇ ದಿನ ಮನೆಗೆ ಕಳಿಸುತ್ತಾರೆ. ಪಟಲ ಎದ್ದ ಮೇಲೆ ಹೋದರೆ ದೊಡ್ಡ ಶಸ್ತ್ರಚಿಕಿತ್ಸೆ, ಹೆಚ್ಚು ವೆಚ್ಚ, ಕೆಲವೊಮ್ಮೆ ದಿನಗಟ್ಟಲೆ ಬೋರಲು ಮಲಗುವ ಕಷ್ಟ. ದೃಷ್ಟಿಯ ನಡುಭಾಗ ಕಳಚುವ ಮೊದಲು ಚಿಕಿತ್ಸೆಯಾದರೆ ಓದುವ ಕಣ್ಣು ಉಳಿಯುವ ಭರವಸೆ ಹೆಚ್ಚು.

ಅವಳಿ ನಗರದವರು ಇದಕ್ಕಾಗಿ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ೧೯೫೭ರಲ್ಲಿ ಆರಂಭವಾಗಿ ಬಹುಕಾಲ ಕಿಮ್ಸ್ ಎಂದು ಹೆಸರಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಹೊಸೂರಿನಲ್ಲಿ ೧೯೬೭ರಿಂದ ಇರುವ ಡಾ. ಎಂ. ಎಂ. ಜೋಶಿ ನೇತ್ರ ಸಂಸ್ಥೆ, ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇವೆ. ನವಲಗುಂದ, ಕಲಘಟಗಿ, ಕುಂದಗೋಳದ ಕಡೆಯವರಿಗೂ ಬಸ್ಸಿನ ದಾರಿಯೇ. ಚಷ್ಮಾದ ಅಂಗಡಿಯಲ್ಲಿ ನಂಬರು ನೋಡಿಸಿಕೊಂಡು ಬಂದರೆ ಸಾಲದು. ಪಾಪೆ ಹಿಗ್ಗಿಸಿ ಕಣ್ಣಿನ ಹಿಂಭಾಗವನ್ನು ಪರೀಕ್ಷಿಸಬೇಕೆಂದು ಬಾಯಿಬಿಟ್ಟು ಕೇಳಬೇಕು. ಮೊದಲ ದಿನ ಹರಕು ಕಾಣದಿದ್ದರೂ ಮುಂದಿನ ವಾರಗಳಲ್ಲಿ ಆಗಬಹುದಾದುದರಿಂದ ವೈದ್ಯರು ಮತ್ತೆ ಬರಹೇಳಿದ ದಿನವನ್ನು ತಪ್ಪಿಸಬಾರದು. ಪಾಪೆ ಹಿಗ್ಗಿಸುವ ಹನಿ ಬಿಟ್ಟ ಮೇಲೆ ಕೆಲವು ತಾಸು ಸಮೀಪದ್ದು ಮಸುಕಾಗಿ ಬಿಸಿಲು ಚುಚ್ಚುತ್ತದೆ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿರಿ, ಮರಳುವಾಗ ಸ್ಕೂಟರನ್ನು ಅವರೇ ನಡೆಸಲಿ. ಸಂಜೆಯ ಪುರಾಣ ವಾಚನವನ್ನು ಅಂದು ಬೇರೊಬ್ಬರಿಗೆ ಒಪ್ಪಿಸಿರಿ.